ಪ್ರಯೋಜನವಿಲ್ಲದ ಕೆಲಸಗಳು

"ಇದರಿಂದ ಏನು ಪ್ರಯೋಜನ?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನಕ್ಕೆ ಹಲವು ಬಾರಿ ಕೇಳಿಬರುತ್ತದೆ. ಹುಡುಗನೊಬ್ಬನು ಹಿತ್ತಲಿನಲ್ಲಿ ಕುಳಿತು ಇರುವೆಗಳ ಸಾಲನ್ನು ನೋಡುತ್ತಿದ್ದರೆ ಹಿರಿಯರು ಈ ಪ್ರಶ್ನೆಯನ್ನು ಕೇಳುತ್ತಾರೆ. ಹುಡುಗಿಯೊಬ್ಬಳು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹೂಗಳನ್ನು ಮಾಡುತ್ತಿದ್ದರೂ ಇದೇ ಪ್ರಶ್ನೆ. ಬೀದಿಯ ನಾಯಿಮರಿಯನ್ನು ಎತ್ತಿ ತಂದು ಹಾಲು ಹಾಕಿದರಂತೂ ಪ್ರಶ್ನೆಯ ಧ್ವನಿ ಇನ್ನಷ್ಟು ಏರುತ್ತದೆ. ಒಂಬತ್ತನೆಯ ತರಗತಿಗೆ ಬಂದವರಿಗೆ ಅದು ಪ್ರಶ್ನೆಯಾಗಿಯೂ ಉಳಿಯುವುದಿಲ್ಲ, ಆಜ್ಞೆಯೇ ಆಗಿಬಿಡುತ್ತದೆ. ಮುಂದಿನ ವರ್ಷ ದೊಡ್ಡ ಪರೀಕ್ಷೆಯಿದೆ, ಈ ಆಟಗಳನ್ನೆಲ್ಲ ಕಟ್ಟಿಡು ಎನ್ನುತ್ತಾರೆ. ಹೀಗೆ ಕಟ್ಟಿಟ್ಟದ್ದನ್ನು ಮರಳಿ ಬಿಚ್ಚುವವರು ಬಹಳ ಕಡಿಮೆ.

ಈ ಪ್ರಶ್ನೆಯನ್ನು ಕೇಳುವವರು ಕಠಿಣ ಹೃದಯದವರೇನೂ ಅಲ್ಲ. ಸಂಸಾರವು ಲೆಕ್ಕಾಚಾರದಿಂದ ನಡೆಯಬೇಕಾದದ್ದು. ಅಕ್ಕಿಯ ಡಬ್ಬಿ ಎಷ್ಟು ದಿನಕ್ಕೆ ಬರಿದಾಗುತ್ತದೆ, ಶಾಲೆಯ ಖರ್ಚಿಗೆ ಹಣ ಎಲ್ಲಿಂದ ಬರಬೇಕು, ಮಳೆಗಾಲಕ್ಕೆ ಮುನ್ನ ಒಡೆದ ಹೆಂಚುಗಳನ್ನು ಬದಲಾಯಿಸಲು ಸಾಧ್ಯವೇ ಎಂದು ಚಿಂತಿಸುವವರ ಬಾಯಿಗೆ ಪ್ರಯೋಜನದ ಮಾತು ಸಹಜವಾಗಿಯೇ ಬರುತ್ತದೆ. ಆದರೆ ಒಂದು ಅಳತೆ ಉಪಯುಕ್ತವಾದ ಮಾತ್ರಕ್ಕೆ ಅದರಿಂದ ಎಲ್ಲವನ್ನೂ ಅಳೆಯಲಾಗದು. ಸೇರಿನಿಂದ ಅಕ್ಕಿಯನ್ನು ಅಳೆಯಬಹುದು. ಮಲ್ಲಿಗೆಯ ಪರಿಮಳವನ್ನು ಅಳೆಯಬಹುದೇ? ಮನೆಯಲ್ಲಿ ಪ್ರಯೋಜನದ ಅಳತೆಗೆ ಸಿಕ್ಕದ ಕೆಲವು ಕೆಲಸಗಳಿವೆ. ಅವುಗಳಿಂದಲೇ ಕಟ್ಟಡವು ಮನೆಯಾಗುತ್ತದೆ, ಅವುಗಳಲ್ಲಿಯೇ ಮನುಷ್ಯನ ಸೃಷ್ಟಿಶಕ್ತಿ ಮೊದಲು ಚಿಗುರುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಾಗಿಲ ಮುಂದಿನ ರಂಗವಲ್ಲಿಯನ್ನೇ ನೋಡಿ. ಬೆಳಗಿನ ಜಾವದಲ್ಲಿ ಅಂಗಳವನ್ನು ಸಾರಿಸಿ ಅಥವಾ ನೀರು ಚಿಮುಕಿಸಿ, ಚುಕ್ಕಿಗಳನ್ನಿಟ್ಟು, ಅವುಗಳ ಸುತ್ತ ಎಳೆಯನ್ನು ಬಳಸಿ ತಂದು, ಹೊರಟಲ್ಲಿಗೇ ಸೇರಿಸುತ್ತಾರೆ. ಒಂದು ಚುಕ್ಕಿ ತಪ್ಪಿದರೂ ಎಳೆ ಕೂಡುವುದಿಲ್ಲ. ಇಷ್ಟು ಎಚ್ಚರದಿಂದ ಬರೆದ ಚಿತ್ರವನ್ನು ಮಧ್ಯಾಹ್ನದೊಳಗೆ ಜನರ ಕಾಲುಗಳೂ ಸೈಕಲ್ಲಿನ ಗಾಲಿಗಳೂ ಅಳಿಸಿಬಿಡುತ್ತವೆ. ಮರುದಿನ ಮತ್ತೆ ಹೊಸ ಚಿತ್ರ. ಅದಕ್ಕೆ ಕೂಲಿಯಿಲ್ಲ, ಪ್ರಶಸ್ತಿಯಿಲ್ಲ, ಬರೆದವರ ಹೆಸರೂ ಇಲ್ಲ. ಆದರೆ ಅದರಲ್ಲಿ ಅಡಗಿರುವ ಬುದ್ಧಿಶಕ್ತಿ ಸಾಮಾನ್ಯವಾದದ್ದಲ್ಲ. ತಮಿಳುನಾಡಿನ ಮನೆಗಳ ಮುಂದೆ ಬರೆಯುವ ಇಂತಹ ಚಿತ್ರಗಳನ್ನು ಕೋಲಂ ಎನ್ನುತ್ತಾರೆ. ಮದರಾಸಿನ ಗಿಫ್ಟ್ ಸಿರೋಮನಿ ಮತ್ತು ಅವರ ಸಂಗಡಿಗರು ಕೋಲಂಗಳ ರಚನೆಯ ನಿಯಮಗಳನ್ನು ಗಣಿತದ ಭಾಷೆಯಲ್ಲಿ ವಿವರಿಸಿ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ವಿದ್ವಾಂಸರ ಗಣಕಶಾಸ್ತ್ರಕ್ಕೆ ವಿಷಯವಾದ ಆ ಎಳೆಗಳನ್ನು ನಮ್ಮ ಅಜ್ಜಿಯರು ಬೆರಳ ತುದಿಯಿಂದಲೇ ಬಿಡಿಸುತ್ತಿದ್ದರು.

ಉಪಯುಕ್ತವಾದ ವಸ್ತುಗಳಲ್ಲಿಯೂ ಈ ನಿರುಪಯುಕ್ತವಾದ ಭಾಗವೊಂದು ಇರುತ್ತದೆ. ಕೌದಿಯನ್ನು ತೆಗೆದುಕೊಳ್ಳಿ. ಸವೆದ ಸೀರೆ, ಹಳೆಯ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ ಇವುಗಳನ್ನು ಪದರ ಪದರವಾಗಿ ಹೊಂದಿಸಿ ಹೊಲಿದರೆ ಚಳಿಗೆ ಹೊದಿಕೆಯಾಗುತ್ತದೆ. ಇದು ಬಡತನವು ಕಲಿಸಿದ ವಿದ್ಯೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇಂದು ದೂರದ ದೇಶಗಳಲ್ಲಿಯೂ ಹೆಸರು ಪಡೆದಿವೆ. ಅವರು ಅಂಚಿನಿಂದ ಹೊಲಿಯುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಬಣ್ಣದ ಚೂರುಗಳನ್ನು ಮಡಿಸಿ ಹೂವಿನಂತೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ಣವಾಗಲಿಲ್ಲವೆಂದು ಅವರ ಭಾವನೆ. ಆ ಹೂವಿನಿಂದ ಚಳಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೂ ಅದು ಬೇಕು. ಧಾರವಾಡ ಸೀಮೆಯ ಕಸೂತಿಯಲ್ಲಿ ನೂಲಿನ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಅದರ ಗವಂತಿ, ಮುರಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡು ಮಗ್ಗುಲಿನಲ್ಲಿಯೂ ಒಂದೇ ರೀತಿಯಾಗಿ ಕಾಣಬೇಕು, ಗಂಟು ಕಾಣಕೂಡದು. ಯಾರೂ ನೋಡದ ಒಳಮಗ್ಗುಲನ್ನೂ ಚೆಂದವಾಗಿ ಹೊಲಿಯುವುದು ಯಾರ ಮೆಚ್ಚುಗೆಗಾಗಿ? ಅದು ಕೆಲಸದ ಮೇಲಿನ ಪ್ರೀತಿಯಲ್ಲದೆ ಬೇರೆಯಲ್ಲ.

ಮನೆಯಲ್ಲಿ ಸಾಕುವ ಪ್ರಾಣಿಗಳ ವಿಷಯವೂ ಹೀಗೆಯೇ. ನಾಯಿ ಮನೆಯನ್ನು ಕಾಯುತ್ತದೆ, ಬೆಕ್ಕು ಇಲಿಯನ್ನು ಹಿಡಿಯುತ್ತದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಮನುಷ್ಯನಿಗೂ ಪ್ರಾಣಿಗೂ ಇರುವ ನಂಟು ಇಷ್ಟರಲ್ಲೇ ಮುಗಿಯುವುದಿಲ್ಲ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಪ್ರಾಚೀನ ಸಮಾಧಿ ದೊರೆಯಿತು. ಸುಮಾರು 14,000 ವರ್ಷಗಳ ಹಿಂದಿನ ಆ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆಗೆ ಒಂದು ಎಳೆಯ ನಾಯಿಯ ಮೂಳೆಗಳೂ ಇದ್ದವು. ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅದು ಕಠಿಣವಾದ ರೋಗದಿಂದ ವಾರಗಟ್ಟಲೆ ನರಳಿತ್ತೆಂದೂ ಮನುಷ್ಯರ ಆರೈಕೆಯಿಲ್ಲದೆ ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲವೆಂದೂ 2018ರಲ್ಲಿ ಅಭಿಪ್ರಾಯಪಟ್ಟರು. ರೋಗದಿಂದ ಮಲಗಿದ ಮರಿ ಬೇಟೆಗೂ ಬಾರದು, ಕಾವಲಿಗೂ ಬಾರದು. ಆದರೂ ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದ ಆ ಜನ ಅದನ್ನು ಉಪಚರಿಸಿದರು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಸುಂದರವಾದ ನಿದರ್ಶನವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಸುಮಾರು 950ರ ಕನ್ನಡ ಶಾಸನವು ಒಂದು ನಾಯಿಯ ಕಥೆಯನ್ನು ಹೇಳುತ್ತದೆ. ಗಂಗರ ದೊರೆ ಇಮ್ಮಡಿ ಬೂತುಗನು ತನ್ನ ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಜೊತೆಯಾಗಿಯೇ ಸತ್ತವು. ನಾಯಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಸತ್ತ ನಾಯಿಯಿಂದ ಒಡೆಯನಿಗೆ ಯಾವ ಪ್ರಯೋಜನವಿತ್ತು? ಪ್ರೀತಿಯು ಪ್ರಯೋಜನವನ್ನು ದಾಟಿ ನಿಂತದ್ದರಿಂದಲೇ ಆ ಕಲ್ಲು ಎದ್ದು ನಿಂತಿತು.

ಪ್ರಾಣಿಗಳನ್ನು ಸಾಕುವ ಸಂತೋಷದ ಜೊತೆಯಲ್ಲಿಯೇ ಹೊಣೆಯೂ ಬರುತ್ತದೆ. ನಾಯಿಗೆ ಹೊತ್ತಿಗೆ ಸರಿಯಾಗಿ ಊಟ, ನೀರು ಬೇಕು. ಹುಚ್ಚುನಾಯಿ ರೋಗ ತಗಲದಂತೆ ಚುಚ್ಚುಮದ್ದು ಹಾಕಿಸಬೇಕು. ನಮಗೆ ಬೇಸರವಾದ ದಿನವೂ ಅದಕ್ಕೆ ಹಸಿವಾಗುತ್ತದೆ. ಗಿಳಿಯನ್ನು ಪಂಜರದಲ್ಲಿಡುವುದು ಸಾಕುವುದಲ್ಲ, ಸೆರೆಹಿಡಿಯುವುದು. ನಮ್ಮ ದೇಶದ ಕಾಡುಗಿಳಿಗಳನ್ನು ಹೀಗೆ ಇರಿಸಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದು. ನಮ್ಮ ಸುಖಕ್ಕಾಗಿ ಇನ್ನೊಂದು ಜೀವ ದುಃಖಪಡುವುದಾದರೆ ಅದನ್ನು ಸಣ್ಣ ಸಂತೋಷವೆಂದು ಕರೆಯಬಾರದು. ಅದು ದೊಡ್ಡ ಸ್ವಾರ್ಥ.

ಇಂತಹ ಹವ್ಯಾಸಗಳಿಂದಲೂ ದೊಡ್ಡ ಪ್ರಯೋಜನಗಳು ಆದದ್ದುಂಟಲ್ಲವೇ ಎಂದು ಕೆಲವರು ಸಮರ್ಥಿಸುತ್ತಾರೆ. ಅದು ನಿಜವೇ. ಇಂಗ್ಲೆಂಡಿನ ಬಾತ್ ನಗರದಲ್ಲಿದ್ದ ವಿಲಿಯಂ ಹರ್ಷಲ್ ಸಂಗೀತದಿಂದ ಜೀವನ ನಡೆಸುತ್ತಿದ್ದವನು. ಆಕಾಶವನ್ನು ನೋಡುವುದು ಅವನ ಬಿಡುವಿನ ಸಂತೋಷವಾಗಿತ್ತು. ಮನೆಯಲ್ಲಿಯೇ ಕನ್ನಡಿಗಳನ್ನು ಉಜ್ಜಿ ಹೊಳಪಿಟ್ಟು ದೂರದರ್ಶಕಗಳನ್ನು ಮಾಡಿಕೊಂಡನು. 1781ರ ಮಾರ್ಚ್ 13ರಂದು ಮನೆಯ ಹಿತ್ತಲಿನಿಂದಲೇ ಯುರೇನಸ್ ಗ್ರಹವನ್ನು ಕಂಡನು. ಆದರೆ ಹವ್ಯಾಸವನ್ನು ಸಮರ್ಥಿಸಲು ಈ ಕಥೆಯನ್ನು ಮಾತ್ರ ನೆಚ್ಚಿಕೊಂಡರೆ ನಾವು ಮತ್ತೆ ಆ ಹಳೆಯ ಪ್ರಶ್ನೆಗೇ ತಲೆಬಾಗಿದಂತಾಗುತ್ತದೆ. ಗ್ರಹವೊಂದು ಕಣ್ಣಿಗೆ ಬೀಳದಿದ್ದರೆ ಹರ್ಷಲನು ನಕ್ಷತ್ರಗಳನ್ನು ನೋಡಿದ ರಾತ್ರಿಗಳೆಲ್ಲ ವ್ಯರ್ಥವಾಗುತ್ತಿದ್ದವೇ? ಖಂಡಿತವಾಗಿಯೂ ಇಲ್ಲ. ಕೀರ್ತಿಯ ಆಸೆಯಿಂದ ಹಿತ್ತಲಿಗೆ ಹೋದವನು ಹತ್ತು ದಿನಗಳಲ್ಲಿ ಬೇಸತ್ತು ಒಳಗೆ ಬರುತ್ತಾನೆ. ನೋಡುವ ಸಂತೋಷಕ್ಕಾಗಿ ಹೋದವನು ಮಾತ್ರ ಅಲ್ಲಿ ಉಳಿಯುತ್ತಾನೆ.

ಹರ್ಷಲನ ಕಥೆಯಲ್ಲಿ ನಾವು ಗಮನಿಸಬೇಕಾದ ಇನ್ನೊಬ್ಬರಿದ್ದಾರೆ. ಅವನ ತಂಗಿ ಕ್ಯಾರೊಲಿನ್ ಅಣ್ಣನ ಮನೆಯನ್ನು ನೋಡಿಕೊಳ್ಳುತ್ತಿದ್ದಳು. ಅವನು ಕನ್ನಡಿ ಉಜ್ಜುವುದನ್ನು ನಿಲ್ಲಿಸಲಾಗದೆ ಗಂಟೆಗಟ್ಟಲೆ ನಿಂತಿದ್ದಾಗ ಅವಳೇ ಅವನ ಬಾಯಿಗೆ ತುತ್ತು ಇಡುತ್ತಿದ್ದಳು. ಮುಂದೆ ತನ್ನದೇ ದೂರದರ್ಶಕವೂ ಬಿಡುವೂ ದೊರೆತಾಗ, 1786ರಲ್ಲಿ ಅವಳು ಒಂದು ಧೂಮಕೇತುವನ್ನು ಕಂಡುಹಿಡಿದಳು; ಒಟ್ಟು ಎಂಟು ಧೂಮಕೇತುಗಳನ್ನು ಗುರುತಿಸಿದ ಕೀರ್ತಿ ಅವಳದು. ಪ್ರತಿಭೆ ಅವಳಲ್ಲಿ ಮೊದಲೂ ಇತ್ತು. ಇಲ್ಲದಿದ್ದದ್ದು ಬಿಡುವು.

ಈ ಮಾತನ್ನು ನಮ್ಮ ಮನೆಗಳಿಗೂ ಅನ್ವಯಿಸಿ ನೋಡಬೇಕು. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯದ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಸಂಬಳವಿಲ್ಲದ ಆ ಕೆಲಸಕ್ಕೆ ಕೊಡುತ್ತಾರೆ. ಅದರಲ್ಲಿ ತೊಡಗುವ ಗಂಡಸರು ಕೊಡುವುದು 97 ನಿಮಿಷಗಳನ್ನು. ತಾಯಿಗೆ ರಂಗವಲ್ಲಿಯ ಹೊಸ ಎಳೆಯೊಂದು ಹೊಳೆಯಬಹುದು, ಹಾಡೊಂದು ನೆನಪಾಗಬಹುದು. ಆದರೆ ಒಲೆಯ ಮೇಲಿನ ಹಾಲು ಕಾಯುವುದಿಲ್ಲ. ಮನೆಯಲ್ಲಿ ಒಬ್ಬರ ಸಂತೋಷಕ್ಕಾಗಿ ಇನ್ನೊಬ್ಬರು ದಿನವಿಡೀ ದುಡಿಯಬೇಕಾದರೆ ಆ ಸಂತೋಷದಲ್ಲಿ ನ್ಯಾಯವಿಲ್ಲ. ಮಗನೂ ಮಗಳೂ ಪಾತ್ರೆ ತೊಳೆಯಲಿ, ನೀರು ತುಂಬಲಿ, ತಂದೆಯೂ ತರಕಾರಿ ಹೆಚ್ಚಲಿ. ಹೀಗೆ ಉಳಿದ ಅರ್ಧ ಗಂಟೆಯು ತಾಯಿಗೆ ನಾವು ಕೊಡಬಹುದಾದ ಉತ್ತಮವಾದ ಉಡುಗೊರೆ. ಅದನ್ನು ಅವಳು ಹೇಗೆ ಕಳೆಯಬೇಕೆಂದು ಮಾತ್ರ ನಾವು ಹೇಳಬೇಕಾಗಿಲ್ಲ.

ಸಂತೋಷಕ್ಕೆ ಈಗ ಕೊರತೆಯೆಲ್ಲಿದೆ, ಅಂಗೈಯಲ್ಲಿರುವ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆಯಲ್ಲ ಎಂದು ನೀವು ಕೇಳಬಹುದು. ನೋಡಿ ನಲಿಯುವುದರಲ್ಲಿ ತಪ್ಪಿಲ್ಲ. ಆದರೆ ನೋಡುವ ಸಂತೋಷಕ್ಕೂ ಮಾಡುವ ಸಂತೋಷಕ್ಕೂ ಅಂತರವಿದೆ. ಇನ್ನೊಬ್ಬರು ಮಾಡಿದ್ದನ್ನು ನೂರು ಬಾರಿ ನೋಡಿದರೂ ನಮ್ಮ ಕೈ ಏನನ್ನೂ ಕಲಿಯುವುದಿಲ್ಲ. ಸೊಟ್ಟಗಾದರೂ ಸರಿಯೆ, ನಾವೇ ಒಂದು ಮಣ್ಣಿನ ಎತ್ತನ್ನು ಮಾಡಿದರೆ, ಒಡೆದ ಬಕೆಟ್ಟಿನಲ್ಲಿ ಒಂದು ಕನಕಾಂಬರವನ್ನು ನೆಟ್ಟು ಹೂ ಬಿಡುವವರೆಗೆ ಕಾದರೆ, ನಮ್ಮ ಕೈಗೂ ಕಣ್ಣಿಗೂ ತಾಳ್ಮೆಗೂ ಪರಿಚಯವಾಗುತ್ತದೆ. ಮಣ್ಣು ನಮ್ಮ ಮಾತನ್ನು ಒಮ್ಮೆಗೇ ಕೇಳುವುದಿಲ್ಲ. ಗಿಡ ನಮ್ಮ ಅವಸರಕ್ಕೆ ಹೂ ಬಿಡುವುದಿಲ್ಲ. ಪಾಠಗಳನ್ನು ಕಲಿಯಲು ಬೇಕಾದ ಗುಣವೂ ಇದೇ ತಾಳ್ಮೆಯಲ್ಲವೇ?

ಹೀಗೆಂದು ಓದನ್ನು ಬಿಟ್ಟು ದಿನವೆಲ್ಲ ಬೆಕ್ಕಿನೊಡನೆ ಆಡಿರೆಂದು ಯಾರೂ ಹೇಳುವುದಿಲ್ಲ. ಓದು ನಿಮ್ಮ ಕರ್ತವ್ಯ, ಪರೀಕ್ಷೆಯೂ ಅವಶ್ಯಕ. ಆದರೆ ದಿನದ 24 ಗಂಟೆಗಳಲ್ಲಿ ಅರ್ಧ ಗಂಟೆಯನ್ನು ಅಂಕಗಳಿಗೂ ಹಣಕ್ಕೂ ಹೊಗಳಿಕೆಗೂ ಸೇರದ ಕೆಲಸವೊಂದಕ್ಕೆ ಮೀಸಲಿಡಿ. ಪರೀಕ್ಷೆಯ ವರ್ಷವೆಂದು ಅದನ್ನು ಪೂರ್ತಿಯಾಗಿ ಕೈಬಿಡಬೇಡಿ. ಬರಗಾಲದಲ್ಲಿಯೂ ರೈತನು ಬಿತ್ತನೆಯ ಬೀಜವನ್ನು ತಿಂದು ಮುಗಿಸುವುದಿಲ್ಲ; ಮುಂದಿನ ಮಳೆಗೆಂದು ಒಂದು ಹಿಡಿಯನ್ನು ಕಾದಿರಿಸುತ್ತಾನೆ. ಮನೆಯ ಮೂಲೆಯಲ್ಲಿ ನೀವು ಮಾಡುವ ಆ ಸಣ್ಣ ಕೆಲಸವೂ ಅಂತಹ ಒಂದು ಹಿಡಿ ಬೀಜ. ಅದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಅವಸರ ಬೇಡ. ಅವರನ್ನೂ ಜೊತೆಗೆ ಕೂರಿಸಿಕೊಂಡು ಕೈಗೆ ಒಂದಿಷ್ಟು ರಂಗವಲ್ಲಿಯ ಪುಡಿಯನ್ನು ಕೊಡಿ.