ಕೊಟ್ಟದ್ದನ್ನು ಕಾಯುವ ಕೆಲಸ

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ವಿದೇಶಗಳಿಗೆ ಕೊಡುವ ನೆರವನ್ನು ತೊಂಬತ್ತು ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಆ ಕಾಗದದಲ್ಲಿ ಉತ್ತರ ಕನ್ನಡದ ಮುಂಡಗೋಡದ ಹೆಸರು ಇರಲಿಲ್ಲ. ಆದರೆ ಧರ್ಮಶಾಲೆಯ ಕೇಂದ್ರೀಯ ಟಿಬೆಟನ್ ಆಡಳಿತವು ಆರೋಗ್ಯ, ಶಿಕ್ಷಣ, ಪುನರ್ವಸತಿಗೆಂದು ನೆಚ್ಚಿಕೊಂಡಿದ್ದ ಹಣದಲ್ಲಿ ದೊಡ್ಡದೊಂದು ಪಾಲು ಅಮೆರಿಕದಿಂದ ಬರುತ್ತಿತ್ತು. ಮುಂಡಗೋಡದ ಟಿಬೆಟನ್ ನೆಲೆ, ಅಂದರೆ ದೋಗುಲಿಂಗ್‌ನ ಆಸ್ಪತ್ರೆ ಆ ಆಡಳಿತದ ಆರೋಗ್ಯ ಇಲಾಖೆಗೆ ಸೇರಿದ್ದು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯ ಬಾಗಿಲೇ ಮುಚ್ಚಿತು. ದಲೈ ಲಾಮಾ ಅವರಿಗೆ 90 ತುಂಬಿದ ಅದೇ ತಿಂಗಳು, ದಕ್ಷಿಣ ಏಷ್ಯಾದ ಟಿಬೆಟನ್ನರಿಗೆ ಮೀಸಲಾದ ಸುಮಾರು 70 ಲಕ್ಷ ಡಾಲರ್ ಮೇಲಿನ ತಡೆ ತೆಗೆದಿದ್ದೇವೆ ಎಂದು ವಾಷಿಂಗ್ಟನ್ ತಿಳಿಸಿತು. ಹಲವರು ಹೋದ ಜೀವ ಬಂತು ಎಂದುಕೊಂಡರು. ನನಗೆ ಆ ನೆಮ್ಮದಿಯೇ ಹೆಚ್ಚು ಕಳವಳ ತಂದಿತು. ಒಂದು ಸಹಿಗೆ ನಿಂತು ಇನ್ನೊಂದು ಸಹಿಗೆ ಹರಿಯುವ ಹಣವನ್ನು ನಂಬಿ ಯಾರೂ ಆಸ್ಪತ್ರೆ ನಡೆಸಲಾರರು. ನಡೆಸಿದರೂ ಅಲ್ಲಿಗೆ ಒಳ್ಳೆಯ ನರ್ಸ್, ಒಳ್ಳೆಯ ವೈದ್ಯರು ಬಂದು ನಿಲ್ಲಲಾರರು.

ಇನ್ನೊಂದು ಬಾಗಿಲು ತಟ್ಟೋಣವೆಂದರೆ ಅದೂ ಇಲ್ಲ. ಭಾರತದಲ್ಲಿ ಟಿಬೆಟನ್ನರ ಹೊಣೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯದ್ದಲ್ಲ. ಅವರನ್ನು ನೋಡಿಕೊಳ್ಳುವುದು ನೇರವಾಗಿ ಭಾರತ ಸರ್ಕಾರ. ಆ ಹೈಕಮಿಷನರ್ ಕಚೇರಿಯೂ 2025ರಲ್ಲಿ 3,500 ಹುದ್ದೆಗಳನ್ನು ಕಡಿತ ಮಾಡಿ ತನ್ನ ಪಾಡಿಗೆ ತಾನು ಒದ್ದಾಡುತ್ತಿದೆ.

ಮುಂಡಗೋಡದ ನೆಲೆ ಹೇಗೆ ಹುಟ್ಟಿತು ಎಂಬುದು ಉತ್ತರ ಕನ್ನಡದ ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. 1959ರಲ್ಲಿ ಲಾಸಾ ಬಿಟ್ಟು ಬಂದವರು ಮೊದಲಿಗೆ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಬಿಕ್ಕುಗಳಲ್ಲಿ ಸುಮಾರು 1,500 ಮಂದಿಯನ್ನು ಭೂತಾನ್ ಗಡಿಯ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ಮೈಗೆ ಒಗ್ಗದ ಸೆಕೆ, ಒತ್ತೊತ್ತಾದ ಕೋಣೆಗಳು. ಕ್ಷಯ ಹಬ್ಬಿ ಅನೇಕರು ಅಲ್ಲೇ ತೀರಿಕೊಂಡರು. ಇತ್ತ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಕಾಡಿನ ನಡುವೆ ಸುಮಾರು 4,000 ಎಕರೆ ಸಿಕ್ಕಿತು. ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. 1970ರ ಸುಮಾರಿಗೆ ಬಕ್ಸಾದಿಂದ ಹೊರಟ ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಬಿಕ್ಕುಗಳು ಮುಂಡಗೋಡಕ್ಕೆ ಬಂದಿಳಿದರು. ಲಾಸಾದ ಹತ್ತಿರ ಆರು ಶತಮಾನ ಹಿಂದೆ ಹುಟ್ಟಿದ ಎರಡು ವಿದ್ಯಾಪೀಠಗಳು ಹೀಗೆ ತೇಗದ ಕಾಡಿನ ಅಂಚಿನಲ್ಲಿ ಮತ್ತೆ ಪಾಠ ಶುರುಮಾಡಿದವು. ಮೊದಲ ಮಳೆಗಾಲಗಳನ್ನು ಅವರು ಕಳೆದದ್ದು ಬಿದಿರು, ತಾಡಪಾಲುಗಳ ಕೆಳಗೆ. ಯಾಕ್ ಕಟ್ಟಿ ಬಾರ್ಲಿ ಬೆಳೆದವರು ಇಲ್ಲಿ ಭತ್ತ, ಗೋವಿನಜೋಳ ಬಿತ್ತುವುದನ್ನು ಕಲಿತರು.

ಇಂದು ಅಲ್ಲಿಗೆ ಹೋದರೆ ಸುಗ್ಗಿಯಲ್ಲಿ ಕ್ಯಾಂಪಿನ ರಸ್ತೆಯ ಅರ್ಧ ಭಾಗ ಗೋವಿನಜೋಳದ್ದು. ಕಾಳು ಹರವಿ ಅಂಚಿಗೆ ಕಲ್ಲಿಟ್ಟಿರುತ್ತಾರೆ, ಬಸ್ಸು ಪಕ್ಕಕ್ಕೆ ಸರಿದು ಹೋಗಬೇಕು. ಆ ಜೋಳವನ್ನು ಕಾಲಿನಿಂದ ತಿರುವುವವರಲ್ಲಿ ಚುಬಾ ಉಟ್ಟ ಅಜ್ಜಿಯೂ ಇರುತ್ತಾರೆ, ಕೂಲಿಗೆ ಬಂದ ಲಂಬಾಣಿ ಹೆಂಗಸೂ ಇರುತ್ತಾರೆ. ಇಬ್ಬರ ನಡುವಿನ ಮಾತು ಅರ್ಧ ಕನ್ನಡ, ಅರ್ಧ ಹಿಂದಿ. ಕ್ಯಾಂಪಿನ ಹೊಲಗಳಲ್ಲಿ ಎಷ್ಟೋ ಹೊಲವನ್ನು ಈಗ ಸುತ್ತಲಿನ ರೈತರು ಲಾವಣಿಗೆ ಹಿಡಿದು ಮಾಡುತ್ತಾರೆ. ಚಳಿಗಾಲ ಬಂದರೆ ಮನೆಯ ಗಟ್ಟಿಮುಟ್ಟಾದವರು ಸ್ವೆಟರ್ ಗಂಟು ಕಟ್ಟಿಕೊಂಡು ಊರೂರು ಸೇರುತ್ತಾರೆ. ಲಾಮಾ ಕ್ಯಾಂಪಿಗೆ ಬಾಡಿಗೆ ಹೊಡೆಯುವ ಆಟೊದವರೊಬ್ಬರು ಹೇಳಿದ ಮಾತು ನೆನಪಿದೆ: “ಲಾಮಾಗೋಳು ಇರಲಿಕ್ಕರ ಮುಂಡಗೋಡ ಪ್ಯಾಟಿ ಮಧ್ಯಾಹ್ನಕ್ಕ ಬಾಗಲಾ ಹಾಕತಿತ್ರಿ.”

ಆಸ್ಪತ್ರೆಯ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಕ್ಷಯ. ಬಕ್ಸಾದಿಂದ ಜೊತೆಗೇ ಬಂದ ಈ ರೋಗ ಟಿಬೆಟನ್ ಸಮುದಾಯವನ್ನು ಇನ್ನೂ ಬಿಟ್ಟಿಲ್ಲ. ಮಠದ ಕೋಣೆಗಳಲ್ಲಿ, ಶಾಲೆಯ ಹಾಸ್ಟೆಲುಗಳಲ್ಲಿ ಹುಡುಗರು ಒಟ್ಟೊಟ್ಟಿಗೆ ಮಲಗುತ್ತಾರೆ, ಒಟ್ಟಿಗೆ ಕೂತು ಗಂಟೆಗಟ್ಟಲೆ ಗಟ್ಟಿಯಾಗಿ ಪಠಿಸುತ್ತಾರೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಹಿಮಾಚಲದ ಟಿಬೆಟನ್ ಶಾಲೆಗಳಲ್ಲಿ 2017ರಿಂದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ತಪಾಸಣೆ ನಡೆಸಿದಾಗ ಸಕ್ರಿಯ ಕ್ಷಯದ ಪ್ರಮಾಣ ಲಕ್ಷಕ್ಕೆ 800ನ್ನು ಮೀರಿತ್ತು. ಇಡೀ ಭಾರತದ ಪ್ರಮಾಣ ಲಕ್ಷಕ್ಕೆ 200ರ ಆಸುಪಾಸು. ಕೆಮ್ಮು ಬಂದವರು ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಎಲ್ಲರ ಎದೆಯ ಎಕ್ಸ್-ರೇ ತೆಗೆದು, ಸೋಂಕು ಅಡಗಿರುವವರಿಗೂ ಮುಂಚಿತವಾಗಿ ಔಷಧ ಕೊಟ್ಟರೆ ರೋಗ ಇಳಿಯುತ್ತದೆ ಎಂಬುದನ್ನು ಆ ಕೆಲಸ ತೋರಿಸಿಕೊಟ್ಟಿತು.

ಕ್ಷಯದ ಗುಳಿಗೆಯನ್ನು ಸರ್ಕಾರ ಪುಕ್ಕಟೆಯಾಗಿ ಕೊಡುತ್ತದಲ್ಲ ಎಂದು ಕೇಳಬಹುದು. ಕೊಡುತ್ತದೆ. ಖರ್ಚು ಇರುವುದು ಗುಳಿಗೆಯಲ್ಲಲ್ಲ. ಗುಳಿಗೆಯನ್ನು ಆರು ತಿಂಗಳು ದಿನ ತಪ್ಪದೆ ನುಂಗಿಸುವ ಕಾರ್ಯಕರ್ತೆಯ ಸಂಬಳದಲ್ಲಿ, ಕಫದ ಮಾದರಿ ಸಾಗಿಸುವ ಬೈಕಿನ ಪೆಟ್ರೋಲಿನಲ್ಲಿ, ಎಕ್ಸ್-ರೇ ಯಂತ್ರದ ದುರಸ್ತಿಯಲ್ಲಿ, ಹುಬ್ಬಳ್ಳಿಗೆ ಕರೆದೊಯ್ಯುವ ಆಂಬುಲೆನ್ಸಿನಲ್ಲಿ ಇದೆ. ಹಣ ನಿಂತಾಗ ಮೊದಲು ಕಡಿತವಾಗುವವೂ ಇವೇ, ಯಾಕೆಂದರೆ ಇವು ಯಾವ ಉದ್ಘಾಟನಾ ಫಲಕದಲ್ಲೂ ಕಾಣುವುದಿಲ್ಲ. ಎರಡು ತಿಂಗಳು ನುಂಗಿ ಮೈ ಹಗುರಾಯಿತೆಂದು ಗುಳಿಗೆ ಬಿಟ್ಟವನ ದೇಹದಲ್ಲಿ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯುತ್ತದೆ. ಆತ ಅದೇ ಕೆಮ್ಮಿನೊಂದಿಗೆ ವಾಯವ್ಯ ಸಾರಿಗೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತಾನೆ. ಪಕ್ಕದ ಸೀಟಿನಲ್ಲಿ ಕೂತವರು ಯಾರ ಮನೆಯವರೋ.

ಕ್ಯಾಂಪಿನ ಸ್ಥಿತಿ ಇನ್ನೊಂದು ರೀತಿಯಲ್ಲೂ ಬದಲಾಗುತ್ತಿದೆ. 2009ರ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು 94 ಸಾವಿರ. ಗೃಹ ಸಚಿವಾಲಯದ ಆಮೇಲಿನ ಲೆಕ್ಕವೊಂದರಲ್ಲಿ ಅವರು 73 ಸಾವಿರದಷ್ಟು, ಅವರಲ್ಲಿ 21 ಸಾವಿರ ಕರ್ನಾಟಕದಲ್ಲಿ. ಹರೆಯದವರು ಕೆನಡಾ, ಯುರೋಪು, ಅಮೆರಿಕ ಎಂದು ಹೊರಟುಹೋಗುತ್ತಿದ್ದಾರೆ. 2008ರ ಬಳಿಕ ಟಿಬೆಟ್‌ನಿಂದ ಗಡಿ ದಾಟಿ ಬರುವವರು ತೀರಾ ಕಡಿಮೆಯಾದರು. ಮಠಗಳ ಹೊಸ ವಿದ್ಯಾರ್ಥಿಗಳಲ್ಲಿ ಲಡಾಖ್, ಸ್ಪಿತಿ, ಅರುಣಾಚಲದ ಹುಡುಗರೇ ಬಹಳ, ಅಂದರೆ ನಮ್ಮದೇ ದೇಶದ ಪ್ರಜೆಗಳು. ಉಳಿದವರು ಮುದುಕರು. ಮಕ್ಕಳು ಟೊರಾಂಟೊದಲ್ಲಿ, ತಾಯಿ ಮುಂಡಗೋಡದ ವೃದ್ಧಾಶ್ರಮದಲ್ಲಿ. ಇಂಥ ಊರಿಗೆ ಆಸ್ಪತ್ರೆ ಹಿಂದೆಂದಿಗಿಂತ ಈಗ ಹೆಚ್ಚು ಬೇಕು.

ಇಷ್ಟು ಹೇಳಿದ ಮೇಲೆ ಇದೇ ಜಿಲ್ಲೆಯ ಜೋಯಿಡಾದ ಮಾತನ್ನು ಮುಚ್ಚಿಡುವುದು ಅನ್ಯಾಯ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ತಾಲ್ಲೂಕು ಕೇಂದ್ರವೇ ಮುಳುಗಿತು. ಅಲ್ಲಿಂದ ಎಬ್ಬಿಸಿದವರಲ್ಲಿ ಅನೇಕರಿಗೆ ಅದೇ ತಾಲ್ಲೂಕಿನ ರಾಮನಗರದಲ್ಲಿ ನಿವೇಶನ ಕೊಟ್ಟರು. ರಾಜ್ಯದ ಅತಿದೊಡ್ಡ ಜಲಾಶಯಗಳಲ್ಲೊಂದಕ್ಕೆ ಊರು ಬಿಟ್ಟುಕೊಟ್ಟವರು ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. ಅಲ್ಲಿನ ಹಿರಿಯರೊಬ್ಬರು ಒಮ್ಮೆ ನೇರವಾಗಿ ಕೇಳಿದರು, “ಅವರಿಗೆ ಅಮೆರಿಕದಿಂದ ದುಡ್ಡು ಬರ್ತದೆ. ನಾವು ಇದೇ ತಾಲ್ಲೂಕಿನವರು. ನಮಗೆ ಕಾರವಾರದಿಂದಲೂ ಬರುವುದಿಲ್ಲ. ನಾವು ನಿರಾಶ್ರಿತರಲ್ಲವೋ?” ಹಳಿಯಾಳದ ಸಿದ್ದಿಗಳೂ ಗೌಳಿಗಳೂ ಹೀಗೆ ಕೇಳಿದರೆ ಅದೂ ನ್ಯಾಯವೇ. ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು 2003ರವರೆಗೆ ಕಾಯಬೇಕಾಯಿತು. ಗೌಳಿಗಳ ದಡ್ಡಿಗಳಿಗೆ, ಅಂದರೆ ಅವರ ಬಿಡಾರಗಳಿಗೆ, ಇಂದಿಗೂ ಎಷ್ಟೋ ಕಡೆ ಮಳೆಗಾಲದಲ್ಲಿ ಗಾಡಿ ಹೋಗದು. ದಾಂಡೇಲಿಯಂತೂ ಮರ, ಕಾಗದದ ಕಾರ್ಖಾನೆಗಳನ್ನು ಅರಸಿ ಹೊರಗಿನಿಂದ ಬಂದವರೇ ಕಟ್ಟಿದ ಊರು. ಮುಂಡಗೋಡ, ಜೋಯಿಡಾ, ಹಳಿಯಾಳ, ದಾಂಡೇಲಿ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ನೆಲೆ ಕಳೆದುಕೊಂಡವರ ಕತೆಗೆ ಬರವಿಲ್ಲ.

ಆ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ರಾಮನಗರಕ್ಕೆ ಆದ ಅನ್ಯಾಯ ಸರಿಹೋಗಲೇಬೇಕು. ಆದರೆ ಮುಂಡಗೋಡದ ಆಸ್ಪತ್ರೆ ಸೊರಗಿದರೆ ರಾಮನಗರಕ್ಕೆ ಒಂದು ಕೊಡ ನೀರೂ ಹೆಚ್ಚಿಗೆ ಬರುವುದಿಲ್ಲ. ಇರುವ ಒಂದು ಸಂಸ್ಥೆಯನ್ನು ಕಳೆದುಕೊಂಡು ಇಡೀ ಸೀಮೆ ಬಡವಾಗುತ್ತದೆ, ಅಷ್ಟೇ.

ಇರುವುದನ್ನು ಕಾಯುವ ಮಾತು ಈ ಸೀಮೆಗೆ ಹಳೆಯದು. ಹಳಿಯಾಳದ ಗಡಿ ದಾಟಿ ಖಾನಾಪುರ ತಾಲ್ಲೂಕಿಗೆ ಕಾಲಿಟ್ಟರೆ ಹಲಸಿ ಸಿಗುತ್ತದೆ, ಕದಂಬರ ಕಾಲದ ಪಲಾಸಿಕಾ. ಅಲ್ಲಿ ದೊರೆತ ತಾಮ್ರಪಟಗಳು ಐದು, ಆರನೆಯ ಶತಮಾನದವು. ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಭೂಮಿ ಕೊಟ್ಟದ್ದು ಅವುಗಳಲ್ಲಿದೆ. ಮೂರು ತಲೆಮಾರು ಕಳೆದು ಆಳಿದ ರವಿವರ್ಮನ ಶಾಸನ ಆ ಮುತ್ತಜ್ಜನ ದಾನವನ್ನು ಮರೆಯದೆ ನೆನೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟೋಪಚಾರ ನಡೆಯಬೇಕೆಂದೂ ವಿಧಿಸುತ್ತದೆ. ಕನ್ನಡ ನಾಡಿನ ದಾನಶಾಸನಗಳ ಕೊನೆಯ ಸಾಲುಗಳು ನಮ್ಮ ಜನರಿಗೆ ಶಾಪದ ಮಾತಾಗಿಯೇ ಪರಿಚಿತ: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬಂಥವು. ಆ ಶಾಪದ ಪಕ್ಕದಲ್ಲೇ ಬರುವ ಇನ್ನೊಂದು ವಿಚಾರ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದು ಹೆಚ್ಚಿನದು ಎನ್ನುತ್ತವೆ ಆ ಸಾಲುಗಳು. ಕೊಡುವವನಿಗೆ ಕೀರ್ತಿಯಾದರೂ ಇದೆ. ಕಾಯುವವನಿಗೆ ಅದೂ ಇಲ್ಲ, ಅದಕ್ಕೇ ಶಾಸನ ಬರೆಸಿದವರು ಅವನ ಪುಣ್ಯವನ್ನು ಮೇಲಿಟ್ಟರು. 1966ರಲ್ಲಿ ಈ ರಾಜ್ಯ ನೆಲ ಕೊಟ್ಟಿತು. ಕಾಯುವ ಖರ್ಚನ್ನು ಮಾತ್ರ ದಶಕಗಳ ಕಾಲ ಬೇರೆ ದೇಶಗಳ ತೆರಿಗೆದಾರರಿಗೆ ಬಿಟ್ಟುಕೊಟ್ಟು ನಿಶ್ಚಿಂತೆಯಾಗಿದ್ದೆವು.

ಹೊರಗಿನ ಹಣ ಒಂದು ದಿನ ನಿಲ್ಲುತ್ತದೆ ಎಂದು ಮೊದಲೇ ತಿಳಿದು ನಡೆದ ಸಂಸ್ಥೆಯ ಉದಾಹರಣೆ ನಮ್ಮಲ್ಲೇ ಇದೆ. ಮೈರಾಡ ಹುಟ್ಟಿದ್ದು 1968ರಲ್ಲಿ, ಟಿಬೆಟನ್ನರ ಪುನರ್ವಸತಿಗೆಂದೇ. ಹೆಸರಿನ ಪೂರ್ಣರೂಪದಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಎಂಬ ಅರ್ಥವೇ ಇದೆ. ಸಾವಿರಾರು ಟಿಬೆಟನ್ನರು ನೆಲೆ ನಿಂತ ಮೇಲೆ ಆ ಕೆಲಸ ಮುಗಿಯಿತು. ಅಲ್ಲಿಗೆ ಬಾಗಿಲು ಹಾಕಬಹುದಿತ್ತು. ಅದರ ಬದಲು ಅವರು ಸುತ್ತಲಿನ ಹಳ್ಳಿಗಳ ಬಡವರ ಕಡೆ ತಿರುಗಿದರು. 80ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಮಂದಿಯ ಸಣ್ಣ ಗುಂಪುಗಳು ಉಳಿತಾಯ, ಸಾಲ ಶುರುಮಾಡಿದ್ದನ್ನು ಗಮನಿಸಿ ಅವನ್ನೇ ಬೆಳೆಸಿದರು. 1987ರಲ್ಲಿ ನಬಾರ್ಡ್ ಕೈಜೋಡಿಸಿತು, 1992ರಲ್ಲಿ ದೇಶದಾದ್ಯಂತ ಬ್ಯಾಂಕ್ ಜೋಡಣೆ ಯೋಜನೆ ಬಂತು. ಇಂದು ಮುಂಡಗೋಡದ ಯಾವ ಓಣಿಗೆ ಹೋದರೂ ಕಾಣುವ ಸ್ವಸಹಾಯ ಸಂಘದ ಬೇರು ಹುಡುಕಿದರೆ ಒಂದು ಎಳೆ ನಿರಾಶ್ರಿತರ ಶಿಬಿರಕ್ಕೆ ಹೋಗಿ ಮುಟ್ಟುತ್ತದೆ. ನಿರಾಶ್ರಿತರಿಗೆಂದು ಕಟ್ಟಿದ್ದು ಎಲ್ಲರದಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂಡಗೋಡದ ಆಸ್ಪತ್ರೆಯನ್ನು ಉಳಿಸುವ ದಾರಿ ಅದೇ ಎಂದು ನನ್ನ ಗಟ್ಟಿ ನಂಬಿಕೆ. ಅದನ್ನು ನಾಲ್ಕು ತಾಲ್ಲೂಕುಗಳ ಸಿದ್ದಿ, ಗೌಳಿ, ಕುಣಬಿ, ಲಂಬಾಣಿಗಳಿಗೂ ಸೇರಿದ ಆಸ್ಪತ್ರೆಯನ್ನಾಗಿ ರಾಜ್ಯದ ಆರೋಗ್ಯ ಯೋಜನೆಗಳಡಿ ಮಾನ್ಯ ಮಾಡಬೇಕು. ಕ್ಷಯದ ಕಾರ್ಯಕರ್ತೆಯರ ಸಂಬಳವನ್ನು ಜಿಲ್ಲೆಯ ಕ್ಷಯ ಕಾರ್ಯಕ್ರಮಕ್ಕೆ ಸೇರಿಸಬೇಕು. 2014ರ ಟಿಬೆಟನ್ ಪುನರ್ವಸತಿ ನೀತಿ ಜಮೀನಿನ ಗುತ್ತಿಗೆ, ಪಡಿತರ, ಉದ್ಯೋಗ ಖಾತ್ರಿ, ವಸತಿ ಎಲ್ಲವನ್ನೂ ಅವರಿಗೆ ಕೊಡಬಹುದು ಎಂದಿದೆ. ಅದನ್ನು ನೆಲದ ಮೇಲೆ ಇಳಿಸುವುದು ರಾಜ್ಯದ ಕೈಯಲ್ಲಿದೆ. ಕೇಂದ್ರ ಸರ್ಕಾರ ದೇಶದ ಎಲ್ಲ ನೆಲೆಗಳ ಕಚೇರಿಗಳಿಗೂ ಸೇರಿಸಿ ಐದು ವರ್ಷಕ್ಕೆ ಕೊಡುತ್ತ ಬಂದದ್ದು 40 ಕೋಟಿ ರೂಪಾಯಿ, ವರ್ಷಕ್ಕೆ ಎಂಟು ಕೋಟಿ. ಆ ಕಂತಿನ ಅವಧಿ 2025-26ರವರೆಗೆ. ಮುಂದಿನ ಕಂತು ದೊಡ್ಡದಾಗಬೇಕೆಂದು ಕೇಳಬೇಕಾದವರು ನಮ್ಮ ಸಂಸದರು.

ಕಾನೂನಿನ ತೊಡಕುಗಳೂ ಇವೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ ಅಂಥ ದೇಣಿಗೆ ಮೊದಲು ದೆಹಲಿಯ ಒಂದೇ ಬ್ಯಾಂಕ್ ಶಾಖೆಗೆ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಸಣ್ಣಪುಟ್ಟ ಸಂಘಗಳಿಗೆ ಆ ದಾರಿ ಮುಚ್ಚಿದೆ. ವಿದೇಶಿ ದಾನಿ ಮುಂಡಗೋಡದ ಕ್ಯಾಂಪನ್ನು ಕಣ್ಣಾರೆ ನೋಡಬೇಕೆಂದರೂ ಮುಂಚಿತವಾಗಿ ವಿಶೇಷ ಪರವಾನಗಿ ಪಡೆಯಬೇಕು.

ಮಠಗಳಿಗೂ ಒಂದು ಮಾತು, ಗೌರವದಿಂದಲೇ. ಮುಂಡಗೋಡದ ಪ್ರಾರ್ಥನಾ ಮಂದಿರಗಳು ಕಣ್ಣು ಕೋರೈಸುವಷ್ಟು ಭವ್ಯವಾಗಿವೆ. ತೈವಾನ್, ಯುರೋಪಿನ ಭಕ್ತರು ಕೊಟ್ಟ ಹಣ ಆ ಕಂಬಗಳಲ್ಲಿ, ಆ ಚಿನ್ನದ ಲೇಪದಲ್ಲಿದೆ. ಕರುಣೆಯನ್ನು ತರ್ಕದ ಮೇಲಿಟ್ಟು ವರ್ಷಗಟ್ಟಲೆ ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದಿಸುವ ಈ ವಿದ್ಯಾಪೀಠಗಳು, ಬರುವ ದೇಣಿಗೆಯ ಒಂದು ಪಾಲನ್ನು ಆಸ್ಪತ್ರೆಯ ಶಾಶ್ವತ ನಿಧಿಗೆ ಎತ್ತಿಡುವುದಾದರೆ ಸರ್ಕಾರವನ್ನು ಕೇಳುವ ನಮ್ಮ ದನಿಗೂ ಬಲ ಬರುತ್ತದೆ.

ಜಿಲ್ಲಾಧಿಕಾರಿಗಳು ಈ ವಿಷಯಕ್ಕೆಂದೇ ಒಂದು ಸಭೆಯನ್ನು ಕಾರವಾರದಲ್ಲಲ್ಲ, ಮುಂಡಗೋಡದಲ್ಲೇ ಕರೆಯಲಿ. ಕ್ಯಾಂಪಿನ ಮುಖ್ಯಸ್ಥರು, ಮಠಗಳ ಆಡಳಿತದವರು, ಜಿಲ್ಲಾ ಆರೋಗ್ಯಾಧಿಕಾರಿ, ಸಿದ್ದಿ ಮತ್ತು ಗೌಳಿ ಸಂಘಟನೆಗಳವರು, ರಾಮನಗರದವರು ಎಲ್ಲ ಇರಲಿ. ಬರುವ ಮಳೆಗಾಲಕ್ಕೆ ಆಂಬುಲೆನ್ಸಿನ ಡೀಸೆಲ್ ಯಾರ ಲೆಕ್ಕದಲ್ಲಿ ಎಂಬುದು ಅಲ್ಲಿ ಮೊದಲು ತೀರ್ಮಾನವಾಗಲಿ, ಉಳಿದದ್ದು ಆಮೇಲೆ.