ಬಳ್ಳಿಗಿಂತ ಮೊದಲು ಗಿರಾಕಿ: ಬೀದರ ಸೀಮೆಯಲ್ಲಿ ದ್ರಾಕ್ಷಾರಸದ ದ್ರಾಕ್ಷಿ

ಬೀದರ, ಭಾಲ್ಕಿ, ಔರಾದ ಕಡೆಯ ಬೇಸಾಯಗಾರ ಬಾಂಧವರು ನಮ್ಮಲ್ಲಿಗೆ ಬಂದಾಗ ತೊಗರಿಯ ಸೊರಗು ರೋಗ, ಸೋಯಾ ಬೀಜದ ಮೊಳಕೆ ಮುಂತಾದ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತಾರೆ. "ಸರ, ವೈನ್ ಮಾಡೋ ದ್ರಾಕ್ಷಿ ನಮ್ಮ ಹೊಲದಾಗ ಬರ್ತದೇನ್ರಿ?"

ಬರುತ್ತದೆ. ಆದರೆ ಇಲ್ಲಿ ಕಷ್ಟವಿರುವುದು ಬೆಳೆಯುವುದರಲ್ಲಿ ಅಲ್ಲ. ಮೊದಲ ಬೆಳೆ ಕೈಗೆ ಬಂದ ದಿನ ಅದನ್ನು ಕೊಳ್ಳುವವರು ಯಾರು ಎಂಬುದನ್ನು ಸಸಿ ನೆಡುವ ಮೊದಲೇ ಗೊತ್ತು ಮಾಡಿಕೊಳ್ಳದವನು ಈ ಬೆಳೆಗೆ ಕೈ ಹಾಕಬಾರದೆಂಬುದು ನನ್ನ ಅಭಿಪ್ರಾಯ. ಹೀಗೆ ಹೇಳಲು ನನ್ನದೇ ಒಂದು ತಪ್ಪು ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಭೂಮಿಯ ಮಾತು. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಮೇಲೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ಕೊರೆದದ್ದು ಇದೇ ಕಲ್ಲಿನಲ್ಲಿ. ನೀರು ನಿಲ್ಲದೆ ಬಸಿದು ಹೋಗುವ ಇಂಥ ಕೆಂಪು ಭೂಮಿ ದ್ರಾಕ್ಷಿಯ ಬೇರಿಗೆ ಹಿತ. ಔರಾದದ ಆಳವಾದ ಎರೆ ಭೂಮಿ ಹಾಗಲ್ಲ. ಮಳೆಗಾಲದಲ್ಲಿ ಅಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಮಳೆ ನಿಂತ ಮೇಲೆ ಬಳ್ಳಿ ಬರೀ ಎಲೆಗೆ ಹೋಗುತ್ತದೆ. ಔರಾದದವರು ಮುರುಮ್ ಬೆರೆತ ಇಳಿಜಾರು ತುಂಡನ್ನೇ ಆರಿಸಿಕೊಳ್ಳಬೇಕು. ಭಾಲ್ಕಿಯಲ್ಲಿ ಒಂದೇ ಸರ್ವೆ ನಂಬರಿನಲ್ಲಿ ಎರಡೂ ಬಗೆಯ ಮಣ್ಣು ಸಿಗುವುದುಂಟು. ಕಾರಂಜಾದ ನೀರು ಹತ್ತಿರವಿದೆಯೆಂದು ಕರಿ ಹೊಲದಲ್ಲೇ ಬಳ್ಳಿ ನೆಡುವುದು ಸರಿಯಲ್ಲ.

ಬೇರಿಗೆ ಡಾಗ್‌ರಿಡ್ಜ್, ಅದರ ಮೇಲೆ ಕಸಿ. ಬಿಳಿ ತಳಿಗಳಲ್ಲಿ ಶೆನಿನ್ ಬ್ಲಾಂಕ್ ಬಿಸಿಲಿನಲ್ಲೂ ಹುಳಿಯನ್ನು ಉಳಿಸಿಕೊಳ್ಳುತ್ತದೆ. ಕೆಂಪಿನಲ್ಲಿ ಶಿರಾಜ್ ನಮ್ಮ ಸೆಕೆಯನ್ನು ತಡೆದೀತು. ಮಾಘ ಕಳೆದರೆ ಇಲ್ಲಿ ಬಿಸಿಲು ಏರುತ್ತದೆ, ಹುಳಿ ಇಳಿಯುತ್ತದೆ. ಆಲಿಕಲ್ಲಿನ ಭಯವೂ ಇದೆ. 2014ರ ಮಾರ್ಚಿನ ಆಲಿಕಲ್ಲು ಮಳೆಯನ್ನು ಈ ಸೀಮೆಯವರಿಗೆ ನೆನಪಿಸಬೇಕಾದ್ದಿಲ್ಲ. ಆದ್ದರಿಂದ ಅಕ್ಟೋಬರ ಚಾಟ್ನಿಯ ಬೆಳೆ ಫೆಬ್ರವರಿಯೊಳಗೆ ಕೊಯ್ಲಾಗುವಂತೆ ನೋಡಿಕೊಳ್ಳಬೇಕು. ಚಾಟ್ನಿಯನ್ನು ತೀರ ಮುಂಚೆ ಮಾಡಿದರೆ ಹಿಂದುಳಿದ ಮಳೆಯಲ್ಲಿ ಬೂಜು ತುಪ್ಪಟ ರೋಗ ಚಿಗುರನ್ನು ತಿನ್ನುತ್ತದೆ.

ತಿನ್ನುವ ದ್ರಾಕ್ಷಿ ಬೆಳೆದು ರೂಢಿಯಾದವರು ಇಲ್ಲಿ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಅಲ್ಲಿ ಹಣ ಬರುವುದು ತೂಕಕ್ಕೆ. ಆದ್ದರಿಂದ ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲನ್ನು ಅದ್ದಿ ಕಾಯಿಯನ್ನು ಹಿಗ್ಗಿಸುತ್ತಾರೆ, ನೀರನ್ನೂ ಧಾರಾಳವಾಗಿ ಕೊಡುತ್ತಾರೆ. ದ್ರಾಕ್ಷಾರಸಕ್ಕೆ ಬೇಕಾದದ್ದು ಸಣ್ಣ ಕಾಯಿ, ದಪ್ಪ ಸಿಪ್ಪೆ, 22ರಿಂದ 24 ಬ್ರಿಕ್ಸ್ ಸಕ್ಕರೆ. ಕಾಯಿ ಬಣ್ಣ ತಿರುಗಿದ ಮೇಲೆ ನೀರನ್ನು ಬಿಗಿಹಿಡಿಯಬೇಕು. ಎಕರೆಗೆ 4-5 ಟನ್ನು ಬಂದರೆ ಸಾಕೆಂದು ತೃಪ್ತಿಪಡಬೇಕು. ಮೊದಲ ಬೆಳೆಯಲ್ಲಂತೂ ಅರ್ಧ ಗೊಂಚಲುಗಳನ್ನು ಕಿತ್ತುಹಾಕಬೇಕು. ಎಳೆಯ ಬಳ್ಳಿಗೆ ಹೊರೆ ಹೊರಿಸಿದವನು ಮುಂದಿನ ಮೂರು ವರ್ಷ ಅದರ ದಂಡ ತೆರುತ್ತಾನೆ.

ಇನ್ನು ಕಾಲದ ಲೆಕ್ಕ. ಈ ವರ್ಷದ ಜನವರಿ-ಫೆಬ್ರವರಿಯಲ್ಲಿ ಬೇರುಸಸಿ ನೆಟ್ಟರೆ ಮಳೆಗಾಲದ ಕೊನೆಗೆ ಕಸಿ, ಮರುವರ್ಷ ಹಂದರಕ್ಕೆ ಹಬ್ಬಿಸುವುದು, ಆ ಅಕ್ಟೋಬರಿನಲ್ಲಿ ಚಾಟ್ನಿ. ಮೊದಲ ಕೊಯ್ಲಿಗೆ ಎರಡು ವರ್ಷ ತುಂಬುತ್ತದೆ. ರಸವನ್ನು ತಾನೇ ಮಾಡಿಸಿ ಮಾರುವವನಿಗೆ ಕಾಯುವುದು ಇನ್ನೂ ಇದೆ. ಬಿಳಿ ದ್ರಾಕ್ಷಾರಸ ಕೆಲವು ತಿಂಗಳಲ್ಲಿ ಬಾಟಲಿಗೆ ಬಂದೀತು, ಒಳ್ಳೆಯ ಕೆಂಪು ಒಂದು ವರ್ಷ ಬೇಡುತ್ತದೆ. ನಮ್ಮ ರಾಜ್ಯದಲ್ಲೇ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು ಹಲವು ವರ್ಷ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ 1988ರಲ್ಲಿ ತೋಟ ಕಟ್ಟಿದರು. ಅವರ ಮೊದಲ ದ್ರಾಕ್ಷಾರಸ ಪೇಟೆ ಕಂಡದ್ದು 1992ರಲ್ಲಿ. ಅವರು ಬಂಡವಾಳವಿದ್ದ ಉದ್ಯಮಿಗಳು, ಕಾಯಬಲ್ಲವರಾಗಿದ್ದರು. ಸೊಸೈಟಿ ಸಾಲದ ಕಂತು ಕಟ್ಟುವ ರೈತ ಅಷ್ಟು ಕಾಲ ಕಾಯಲಾರ.

ಒಂದು ಟನ್ನು ಹಣ್ಣಿಗೆ ಸುಮಾರು 600 ಲೀಟರು ರಸ ಸಿಗುತ್ತದೆ. ಒಂದು ಎಕರೆಯ 4 ಟನ್ನಿಗೆ 750 ಮಿಲಿಲೀಟರಿನ 3,000ಕ್ಕೂ ಮಿಕ್ಕಿದ ಬಾಟಲಿಗಳಾದವು. ಇವನ್ನು ಕೊಳ್ಳುವವರೆಲ್ಲಿ? ನಾಸಿಕದ ಸುಲಾದವರು 2000ದಲ್ಲಿ ಮೊದಲ ಬಾಟಲಿ ತಂದು, 2005ರಲ್ಲಿ ತೋಟದಲ್ಲೇ ರುಚಿ ತೋರಿಸುವ ಕೋಣೆ ತೆರೆದರು. ಅವರಿಗೆ ಮುಂಬಯಿ ಹತ್ತಿರ. ಬೀದರಕ್ಕೂ ಕೋಟೆ ನೋಡಲು, ನಾನಕ ಝೀರಾಕ್ಕೆ, ನರಸಿಂಹ ಝರಣಿಗೆ ಜನ ಬರುತ್ತಾರೆ. ಆದರೆ ಯಾತ್ರೆಗೆ ಬಂದವರು ಬಾಟಲಿಯ ಗಿರಾಕಿಗಳಲ್ಲ.

ಹೈದರಾಬಾದು ಇದೆಯಲ್ಲ ಎನ್ನುತ್ತಾರೆ. ದೂರ ನೋಡಿದರೆ ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆದರೆ ಭಾಲ್ಕಿ, ಔರಾದದವರ ಸೋಯಾ ಗಡಿ ದಾಟಿ ಉದಗೀರ ಮಾರುಕಟ್ಟೆಗೆ ಹೋದ ಹಾಗೆ ಬಾಟಲಿ ಹೋಗಲಾರದು. ಮದ್ಯಸಾರದ ಅಧಿಕಾರ ಆಯಾ ರಾಜ್ಯದ್ದು. ಗಡಿಯಾಚೆ ಬೇರೆ ಅಬಕಾರಿ, ಬೇರೆ ಪರವಾನಗಿ, ಬೇರೆ ಸುಂಕ. ನಮ್ಮ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ತಂದು, ಆಮೇಲೆ ಮಂಡಳಿಯನ್ನೂ ರಚಿಸಿ ಉತ್ತೇಜನ ಕೊಟ್ಟದ್ದು ನಿಜ. ಆದರೆ ಆ ನೀತಿ ರಾಜ್ಯದ ಗಡಿಗೆ ನಿಲ್ಲುತ್ತದೆ, ನಮ್ಮ ಹೊಲವೋ ಗಡಿಯಂಚಿನಲ್ಲಿದೆ. ಪರವಾನಗಿ ಇಲ್ಲದೆ ಮನೆಯಲ್ಲಿ ರಸ ಮಾಡಿ ಮಾರುವುದಂತೂ ಅಪರಾಧ.

ಹಾಗಾಗಿ ನಮ್ಮ ರೈತನಿಗೆ ಉಳಿಯುವ ದಾರಿ ಹಣ್ಣನ್ನೇ ಕಾರ್ಖಾನೆಗೆ ಮಾರುವುದು. ನನ್ನ ತಪ್ಪು ನಡೆದದ್ದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಭಾಲ್ಕಿ ತಾಲ್ಲೂಕಿನ ರೈತರೊಬ್ಬರ ಮಣ್ಣು ಪರೀಕ್ಷೆಯ ವರದಿ ನೋಡಿ, ಒಂದು ಎಕರೆಗೆ ಶಿರಾಜ್ ಹಾಕಬಹುದೆಂದು ಹೇಳಿದೆ. ಗಿರಾಕಿಯ ವಿಚಾರ ಕೇಳಲಿಲ್ಲ. ಅದು ನನ್ನ ವಿಷಯವಲ್ಲವೆಂದು ಆಗ ತಿಳಿದಿದ್ದೆ. ಅವರ ತಂದೆಯವರು ಮಾತ್ರ ನನ್ನೆದುರೇ ಮಗನಿಗೆ ಹೇಳಿದ್ದರು: "ಕಬ್ಬಿನ ಬಿಲ್ಲಿಗಿ ಎಷ್ಟು ದಿನ ತಿರಗಿದೆವು, ಮರ್ತಿ ಏನೋ?" ಹಿರಿಯರ ಈ ಮಾತಿನಲ್ಲಿ ನನ್ನ ವರದಿಗಿಂತ ಹೆಚ್ಚಿನ ತಿಳಿವಳಿಕೆ ಇತ್ತು.

ಮೊದಲ ಬೆಳೆ ಚೆನ್ನಾಗಿಯೇ ಬಂತು. ಎರಡು ಟನ್ನು, 23 ಬ್ರಿಕ್ಸ್. ಫೋನಿನಲ್ಲಿ ಒಪ್ಪಿದ್ದ ಕಾರ್ಖಾನೆಯವರು ಕೊಯ್ಲಿನ ವಾರದಲ್ಲಿ ತೊಟ್ಟಿಗಳು ತುಂಬಿವೆ, ಹತ್ತು ದಿನ ತಡೆಯಿರಿ ಎಂದರು. ಹತ್ತು ದಿನದಲ್ಲಿ ಕಾಯಿ ಸೊರಗಿತು, ಹಕ್ಕಿ-ಜೇನು ಮುತ್ತಿದವು, ಕೊನೆಗೂ ಗಾಡಿ ಬರಲಿಲ್ಲ. ಹಣ್ಣನ್ನು ಬೀದರ ಮಾರುಕಟ್ಟೆಗೆ ಒಯ್ದರು. ಥಾಮ್ಸನ್ ತಿಂದು ರೂಢಿಯಾದ ಜನ ಬೀಜ ತುಂಬಿದ ಆ ಸಣ್ಣ ಕಾಯಿಯನ್ನು ಬಾಯಿಗಿಟ್ಟು ನೋಡಿ ಹಿಂದಕ್ಕಿಟ್ಟರು. ಕೊಯ್ದ ಹೆಣ್ಣಾಳುಗಳ ಕೂಲಿಯೂ ಹುಟ್ಟಲಿಲ್ಲ.

ಇದು ಒಬ್ಬರ ದುರದೃಷ್ಟವೆಂದು ತಿಳಿಯಬೇಡಿ. ಮಹಾರಾಷ್ಟ್ರದಲ್ಲಿ 2001ರ ನೀತಿಯ ನಂತರ ಕಾರ್ಖಾನೆಗಳು ಸಾಲಾಗಿ ಎದ್ದವು, ರೈತರು ಹುರುಪಿನಿಂದ ಬಳ್ಳಿ ನೆಟ್ಟರು. 2008ರ ಆರ್ಥಿಕ ಕುಸಿತದ ನಂತರ ದಾಸ್ತಾನು ಕರಗದೆ ಕೊಳ್ಳುವವರು ಹಿಂದೆ ಸರಿದರು, ಅನೇಕರು ಬಳ್ಳಿಯನ್ನೇ ಕಿತ್ತರು.

ನನ್ನನ್ನು ಈಗ ಕೇಳಿದರೆ ಅರ್ಧ ಎಕರೆಗಿಂತ ಹೆಚ್ಚು ಬೇಡವೆನ್ನುತ್ತೇನೆ. ಉಳಿದ ಹಂದರಕ್ಕೆ ಥಾಮ್ಸನ್ ಇರಲಿ. ಅದರ ದ್ರಾಕ್ಷಾರಸ ಸಪ್ಪೆ ನಿಜ, ಆದರೆ ಅದನ್ನು ತಿನ್ನಲೂ ಮಾರಬಹುದು, ಒಣಗಿಸಿ ವಿಜಯಪುರದವರಂತೆ ಮಣೂಕವನ್ನೂ ಮಾಡಬಹುದು. ಕಾರ್ಖಾನೆಯೊಂದಿಗೆ ಕಾಗದದ ಮೇಲೆ ಕರಾರು ಆಗಬೇಕು: ಯಾವ ಬ್ರಿಕ್ಸಿಗೆ ಯಾವ ದರ, ಸಕ್ಕರೆ ಅಳೆಯುವುದು ಯಾರ ಎದುರಿಗೆ, ಗಾಡಿ ಯಾವ ದಿನ, ಹಣ ಎಷ್ಟು ದಿನದೊಳಗೆ, ಅವರು ಒಯ್ಯದಿದ್ದರೆ ಪರಿಹಾರವೇನು. ಹತ್ತಾರು ರೈತರು ಕೂಡಿ ಹೋದರೆ ಕಾರ್ಖಾನೆ ಕಿವಿಗೊಡುತ್ತದೆ. ಒಬ್ಬನೇ ಹೋದರೆ ಕಾಯಿಸುತ್ತದೆ. ಸೆಪ್ಟೆಂಬರ ಮುಗಿಯುವುದರೊಳಗೆ ಆ ಕಾಗದ ಕೈಗೆ ಬಾರದಿದ್ದರೆ ಆ ವರ್ಷ ಬಳ್ಳಿಯನ್ನು ಫಸಲಿಗೆ ಬಿಡದಿರುವುದೇ ಕಡಿಮೆ ನಷ್ಟ. ನಮ್ಮಂಥ ಸಂಸ್ಥೆಗಳೂ ಇಲ್ಲಿನ ಕೆಂಪು, ಕಪ್ಪು ಎರಡೂ ಭೂಮಿಯಲ್ಲಿ ಮೂರು ಹಂಗಾಮು ಈ ತಳಿಗಳನ್ನು ಬೆಳೆದು, ರಸ ತೆಗೆದು ನೋಡದೆ ಶಿಫಾರಸು ಮಾಡಬಾರದು.

ಭಾಲ್ಕಿಯ ಆ ರೈತರು ಬಳ್ಳಿ ಕೀಳಲಿಲ್ಲ. ಅದೇ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ಕಣ್ಣು ಕಟ್ಟಿಸಿ, ಶಿರಾಜ್ ಮೂರು ಸಾಲು ಮಾತ್ರ ಉಳಿಸಿಕೊಂಡಿದ್ದಾರೆ. ಪ್ರತಿ ಫೆಬ್ರವರಿಯಲ್ಲಿ ಸಕ್ಕರೆ ಅಳೆಯುವ ಯಂತ್ರವನ್ನು ಒಂದು ವಾರದ ಮಟ್ಟಿಗೆ ಕೇಳಿ ಒಯ್ಯುತ್ತಾರೆ.