ಕೊಂಡ ಪುಸ್ತಕ ಯಾರ ಪಾಲು?

ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಸಾಗರದ ಮನೆಗೆ ಹೋದಾಗ ಅಕ್ಕ ಅವರ ಟ್ಯಾಬ್ ಹಿಡಿದುಕೊಂಡು ಬಂದು ನನ್ನ ಎದುರಿಗೆ ಕೂತಳು. ಭಾವ ಮೇಷ್ಟ್ರಾಗಿದ್ದವರು. ನಿವೃತ್ತಿಯ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿದು ಸಣ್ಣ ಅಕ್ಷರ ಓದುವುದು ಆಗದಾಯಿತು. ಬೆರಳಲ್ಲೇ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಅಂತ ಮಗಳು ತಂದುಕೊಟ್ಟ ಆ ಟ್ಯಾಬ್ ಅವರಿಗೆ ಓದನ್ನು ಮರಳಿ ಕೊಟ್ಟಿತು. ಎಂಟು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಇ-ಪುಸ್ತಕ ಕೊಂಡರು. ಒಂದಕ್ಕೂ ದುಡ್ಡು ಕೊಡದೆ ಇರಲಿಲ್ಲ. ಮೆಚ್ಚಿದ ಸಾಲಿಗೆ ಹಳದಿ ಬಣ್ಣ ಬಳಿದು, ಪಕ್ಕದಲ್ಲಿ ಟಿಪ್ಪಣಿ ಹಾಕುವುದು ಅವರ ರೂಢಿ. ಅಕ್ಕನಿಗೆ ಬೇಕಾಗಿದ್ದದ್ದು ಆ ಟಿಪ್ಪಣಿಗಳು.

ಟ್ಯಾಬ್ ತಾನಾಗಿ ಲಾಗೌಟ್ ಆಗಿತ್ತು. ಒಳಗೆ ಹೋಗಬೇಕಾದರೆ ಭಾವನ ಮೊಬೈಲಿಗೆ ಬರುವ ಒಟಿಪಿ ಬೇಕು. ಆ ಸಿಮ್ ಅನ್ನು ಆಗಲೇ ಮುಚ್ಚಿಸಿಯಾಗಿತ್ತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆವು. ಆ ಕಡೆ ಇದ್ದ ಹುಡುಗ ಕನ್ನಡದವನೇ, ಮಾತೂ ಮೆದು. ಮರಣ ಪ್ರಮಾಣಪತ್ರ ಕಳಿಸುತ್ತೇವೆ ಎಂದೆವು. ಅವನು ಮೇಲಿನವರನ್ನು ಕೇಳಿ ಬಂದು, "ಅಮ್ಮಾ, ಅಕೌಂಟ್ ಕ್ಲೋಸ್ ಮಾಡಿಸಬೇಕಾದ್ರೆ ಮಾಡಿಸ್ತೀವಿ. ಅದರಲ್ಲಿರೋ ಪುಸ್ತಕ ಇನ್ನೊಬ್ಬರ ಹೆಸರಿಗೆ ಮಾಡೋಕೆ ಬರಲ್ಲ. ಅವು ಅವರಿಗೆ ಕೊಟ್ಟಿದ್ದ ಲೈಸೆನ್ಸ್ ಅಷ್ಟೇ" ಎಂದ. ಅಕ್ಕ ಫೋನಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ದುಡ್ಡು ಕೊಟ್ಟು ತಗೊಂಡ ಮೇಲೆ ಅದು ನಮ್ದಲ್ವೇನೋ?" ಎಂದು ಕೇಳಿದಳು.

ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಮರದ ಕಪಾಟು. ಭಾವನ ಅಪ್ಪ ಮಾಡಿಸಿದ್ದು. ಅದರೊಳಗಿನ ಪುಸ್ತಕಗಳು ಅಪ್ಪನಿಂದ ಮಗನಿಗೆ, ಮಗನಿಂದ ಈಗ ಅಕ್ಕನಿಗೆ ಬಂದಿವೆ. ಯಾವ ಪ್ರಕಾಶಕನನ್ನೂ ಯಾರೂ ಕೇಳಬೇಕಾಗಲಿಲ್ಲ. ಅದೇ ಮನೆಯಲ್ಲಿ ಅದೇ ಮನುಷ್ಯ ಅದೇ ಪಿಂಚಣಿ ದುಡ್ಡಿನಲ್ಲಿ ಕೊಂಡ ಇನ್ನೂರು ಪುಸ್ತಕ ಮಾತ್ರ ಅವರ ಜೊತೆಗೇ ಹೋಗಬೇಕಂತೆ.

ಆ ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಈ ವ್ಯಾಪಾರದಲ್ಲಿರುವ ದೊಡ್ಡ ಕಂಪನಿಗಳ ಷರತ್ತುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ. ಬಟನ್ ಮೇಲೆ ದೊಡ್ಡದಾಗಿ 'ಖರೀದಿಸಿ' ಎಂದಿರುತ್ತದೆ. ನಾವು ಯಾರೂ ಬಿಚ್ಚಿ ನೋಡದ ಷರತ್ತುಗಳ ಹಾಳೆಯಲ್ಲಿ, ಇದು ಮಾರಾಟವಲ್ಲ, ನಿಮಗೊಬ್ಬರಿಗೆ ಓದಲು ಕೊಟ್ಟ ಅನುಮತಿ, ವರ್ಗಾಯಿಸುವಂತಿಲ್ಲ ಎಂದಿರುತ್ತದೆ. ಮಾರುವಾಗ ಒಂದು ಮಾತು, ಜಗಳ ಬಂದಾಗ ಇನ್ನೊಂದು. ಸಂತೆಯಲ್ಲಿ ಹೀಗೆ ಮಾಡಿದರೆ ಅದಕ್ಕೆ ಮೋಸ ಎನ್ನುತ್ತೇವೆ. ಪರದೆಯ ಮೇಲೆ ಮಾಡಿದರೂ ನನ್ನ ಮಟ್ಟಿಗೆ ಅದು ಮೋಸವೇ.

ಸತ್ತವರ ಪುಸ್ತಕದ ಮಾತಷ್ಟೇ ಆಗಿದ್ದರೆ ಇದನ್ನು ಅಂಕಣಕ್ಕೆ ತರುತ್ತಿರಲಿಲ್ಲ. ಬದುಕಿರುವವರ ಕೈಯಿಂದಲೂ ಪುಸ್ತಕ ಹೋಗಿದೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಗ್ರಾಹಕರ ಸಾಧನಗಳಿಂದ ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಕೃತಿಗಳ ಕೆಲವು ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಹಕ್ಕಿಲ್ಲದ ಯಾರೋ ಆ ಆವೃತ್ತಿಯನ್ನು ಅಂಗಡಿಗೆ ಏರಿಸಿದ್ದರು, ನಿಜ. ದುಡ್ಡನ್ನೂ ವಾಪಸು ಕೊಟ್ಟರು. ಆದರೆ ಹಕ್ಕಿಲ್ಲದೆ ಅಚ್ಚಾದ ಪುಸ್ತಕ ಮಾರಿದ್ದೇನೆ ಎಂದು ಗೊತ್ತಾದ ಅಂಗಡಿಯವನು ರಾತ್ರಿ ಹೊತ್ತು ನಮ್ಮ ಮನೆಯ ಬಾಗಿಲು ತೆಗೆದು ಕಪಾಟಿಗೆ ಕೈ ಹಾಕಬಹುದೇ? ಮಿಷಿಗನ್‌ನ ಒಬ್ಬ ಹೈಸ್ಕೂಲ್ ಹುಡುಗ ಶಾಲೆಯ ಕೆಲಸಕ್ಕೆಂದು '1984' ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಹೋದ ಮೇಲೆ ಆ ಟಿಪ್ಪಣಿಗಳು ಯಾವ ಸಾಲಿನವು ಎಂಬುದೇ ತಿಳಿಯದಂತಾಯಿತು. ಅವನು ಕೋರ್ಟಿಗೆ ಹೋದ. ಕಂಪನಿ ರಾಜಿ ಮಾಡಿಕೊಂಡಿತು. ಸಂಸ್ಥಾಪಕ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಹತ್ತು ವರ್ಷದ ನಂತರ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿತು. ಅಂಗಡಿ ಮುಚ್ಚುವುದು ವ್ಯಾಪಾರದಲ್ಲಿ ಇದ್ದದ್ದೇ. ಇಲ್ಲಿ ಅಂಗಡಿಯ ಜೊತೆ ಗ್ರಾಹಕರು ಅದುವರೆಗೆ ಕೊಂಡ ಪುಸ್ತಕಗಳೆಲ್ಲ ಮಾಯವಾದವು. ಪೂರ್ತಿ ಹಣ ಮರಳಿಸಿದರು, ಟಿಪ್ಪಣಿ ಮಾಡಿಕೊಂಡವರಿಗೆ ಮೇಲೆ 25 ಡಾಲರ್. ಭಾವನ ಟಿಪ್ಪಣಿಗಳಿಗೆ 25 ಡಾಲರ್ ಕೊಡುತ್ತೇವೆ ಎಂದರೆ ಅಕ್ಕ ಏನನ್ನುತ್ತಾಳೆ ಎಂಬುದು ನನಗೆ ಗೊತ್ತು.

ಸಿನಿಮಾ, ಆಟಗಳ ಕಡೆಯೂ ಇದೇ. 2023ರ ಡಿಸೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್‌ನಲ್ಲಿ ಗ್ರಾಹಕರು ದುಡ್ಡು ಕೊಟ್ಟು ಪಡೆದಿದ್ದ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ತೆಗೆದುಹಾಕುವುದಾಗಿ ಹೇಳಿತು. ಗಲಾಟೆಯಾಗಿ, ಹೊಸ ಒಪ್ಪಂದ ಆಗಿ, ಹಿಂದೆ ಸರಿಯಿತು. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು 'ದಿ ಕ್ರೂ' ಎಂಬ ಕಾರ್ ಓಟದ ಆಟದ ಸರ್ವರ್ ನಿಲ್ಲಿಸಿದಾಗ, ಡಿಸ್ಕ್ ಕೊಂಡು ಮನೆಯಲ್ಲಿಟ್ಟುಕೊಂಡವರಿಗೂ ಅದು ಕೆಲಸಕ್ಕೆ ಬಾರದ್ದಾಯಿತು. ಮತ್ತೆ ಪುಸ್ತಕಕ್ಕೇ ಬಂದರೆ, 2025ರ ಫೆಬ್ರುವರಿ 26ರಿಂದ ಅಮೆಜಾನ್, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಸಾಧನಕ್ಕೆ ಹಾಕಿಕೊಳ್ಳುವ ಸೌಲಭ್ಯವನ್ನೇ ತೆಗೆಯಿತು. ಒಂದು ಪ್ರತಿ ನಮ್ಮ ಕೈಯಲ್ಲಿರಲಿ ಎನ್ನುವವರಿಗೆ ಇದ್ದ ಒಂದು ಕಿಂಡಿಯೂ ಮುಚ್ಚಿತು.

ಮಾರಿದ ಮೇಲೂ ಹಿಡಿತ ಬಿಡದ ಈ ಆಸೆ ಹಳೆಯದು. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ 'ದಿ ಕಾಸ್ಟ್ಅವೇ' ಎಂಬ ಕಾದಂಬರಿಯೊಳಗೆ ಒಂದು ಎಚ್ಚರಿಕೆ ಅಚ್ಚು ಹಾಕಿಸಿತ್ತು. ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಅಂತ. ನ್ಯೂಯಾರ್ಕಿನ ಮೇಸಿಸ್ ಮಳಿಗೆ ಅದನ್ನು 89 ಸೆಂಟ್‌ಗೆ ಮಾರಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1908ರಲ್ಲಿ ತೀರ್ಪು ಬಂತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟಕ್ಕೆ ಷರತ್ತು ಹಾಕುವ ಹಕ್ಕು ಕೃತಿಸ್ವಾಮ್ಯದಲ್ಲಿ ಇಲ್ಲ. ಹಳೆ ಪುಸ್ತಕದ ಅಂಗಡಿ, ಎರವಲು, ಉಡುಗೊರೆ ಎಲ್ಲ ಈ ತತ್ವದ ನೆರಳಲ್ಲೇ ಬದುಕಿರುವುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಒಮ್ಮೆ ಮಾರಾಟವಾದ ಪುಸ್ತಕದ ಪ್ರತಿ 'ಆಗಲೇ ಚಲಾವಣೆಯಲ್ಲಿರುವ ಪ್ರತಿ'. ಅದರ ಮುಂದಿನ ಓಡಾಟದ ಮೇಲೆ ಲೇಖಕರಿಗಾಗಲಿ ಪ್ರಕಾಶಕರಿಗಾಗಲಿ ಹಿಡಿತವಿಲ್ಲ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನಾವು ಪುಸ್ತಕ ಹೆಕ್ಕುತ್ತಿದ್ದದ್ದು ಕಾನೂನಿನ ಒಪ್ಪಿಗೆಯಿಂದಲೇ. 'ಮಾರಾಟವಲ್ಲ, ಲೈಸೆನ್ಸ್' ಎಂಬ ಎರಡು ಪದ ಬಳಸಿ ಕಂಪನಿಗಳು ತಪ್ಪಿಸಿಕೊಳ್ಳುತ್ತಿರುವುದು ಈ ತತ್ವದಿಂದ.

ಪಾಂಡವಪುರದ ಹತ್ತಿರದ ಹರಳಹಳ್ಳಿಗೆ ಹೋದವರಿಗೆ ಅಂಕೇಗೌಡರ 'ಪುಸ್ತಕ ಮನೆ' ಗೊತ್ತಿರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಸಂಬಳದ ಬಹುಪಾಲನ್ನು ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಟ್ಟು, ಬಂದವರಿಗೆಲ್ಲ ತೆರೆದಿಟ್ಟವರು ಅವರು. ಅಷ್ಟೇ ಹಣ ಸುರಿದು ಅವರು ಇ-ಪುಸ್ತಕ ಕೊಂಡಿದ್ದರೆ? ಒಂದು ಖಾತೆ, ಒಂದು ಪಾಸ್‌ವರ್ಡ್. ಪಕ್ಕದ ಹಳ್ಳಿಯ ಹುಡುಗಿಗೆ ಒಂದು ಪುಸ್ತಕ ಕೊಡುವುದೂ ಷರತ್ತಿಗೆ ವಿರುದ್ಧ. ನಮ್ಮಲ್ಲಿ ಓದು ಹರಡಿದ್ದೇ ಕೈಯಿಂದ ಕೈಗೆ. ಊರಿನಲ್ಲಿ ಒಬ್ಬರು ತೇಜಸ್ವಿಯವರ ಪುಸ್ತಕ ತಂದರೆ ರಟ್ಟು ಕಿತ್ತುಬರುವವರೆಗೂ ಅದು ಮನೆಮನೆ ಸುತ್ತುತ್ತಿತ್ತು. ನಾನು ಓದಿದ್ದೂ ಹಾಗೆ ಸುತ್ತಿ ಬಂದ ಪುಸ್ತಕಗಳನ್ನು. ಕೊಳ್ಳುವ ಶಕ್ತಿ ಇಲ್ಲದವರನ್ನು ಓದುಗರನ್ನಾಗಿ ಮಾಡಿದ ಈ ದಾರಿಯನ್ನು ಒಂದು ಬಟನ್ ಮುಚ್ಚುತ್ತದೆ ಎಂದರೆ ನನಗೆ ಸಹಿಸಲು ಆಗುವುದಿಲ್ಲ.

ಇದಕ್ಕೆ ಉತ್ತರವಾಗಿ ಕಳ್ಳಪ್ರತಿಯ ಮಾತು ಬರುತ್ತದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಐನೂರು ಪ್ರತಿ ಅಚ್ಚು ಹಾಕಿ, ಅದು ಖರ್ಚಾಗಲಿ ಎಂದು ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕನ ಪುಸ್ತಕವನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಅನ್ಯಾಯ. ಹಾಗೆ ಹಾಕುವವರಿಗೆ ಪುಸ್ತಕಪ್ರೇಮಿ ಎಂಬ ಹೆಸರು ಸಲ್ಲದು. ಆದರೆ ಪ್ರತಿ ಮಾಡದಂತೆ ಕಂಪನಿಗಳು ಇ-ಪುಸ್ತಕಕ್ಕೆ ಹಾಕುವ ಡಿಜಿಟಲ್ ಬೀಗ ಅವರನ್ನು ತಡೆದಿದೆಯೇ? ಕದ್ದ ಪ್ರತಿಗೆ ಬೀಗವೇ ಇರುವುದಿಲ್ಲ. ಅದು ಎಲ್ಲ ಮೊಬೈಲಿನಲ್ಲೂ ತೆರೆಯುತ್ತದೆ, ಯಾರಿಗೆ ಬೇಕಾದರೂ ಹೋಗುತ್ತದೆ. ದುಡ್ಡು ಕೊಟ್ಟು ಕೊಂಡ ಭಾವನ ಪ್ರತಿಗೆ ಮಾತ್ರ ಬೀಗ. ಬೀಗವಿಲ್ಲದೆ ಮಾರಿ ಉಳಿದವರೂ ಇದ್ದಾರೆ. ಆ್ಯಪಲ್ ಕಂಪನಿ 2009ರಲ್ಲಿ ತನ್ನ ಐಟ್ಯೂನ್ಸ್ ಅಂಗಡಿಯ ಹಾಡುಗಳ ಬೀಗ ತೆಗೆಯಿತು. ಟಾರ್ ಎಂಬ ಇಂಗ್ಲಿಷ್ ಪ್ರಕಾಶನ 2012ರಿಂದ ತನ್ನ ಇ-ಪುಸ್ತಕಗಳನ್ನು ಬೀಗವಿಲ್ಲದೆ ಮಾರುತ್ತಿದೆ.

ಬೀಗದ ವಿಷಯದಲ್ಲಿ ನಮ್ಮ ಕಾನೂನು ಹಲವರು ತಿಳಿದಿರುವುದಕ್ಕಿಂತ ಉದಾರವಾಗಿದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. 'ಉದ್ದೇಶ' ಎಂಬ ಪದ ಅಲ್ಲಿ ಬೇಕೆಂದೇ ಇದೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆದರೆ ಅಪರಾಧವಲ್ಲ ಎಂದು ಅದೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಕಾಗದದಲ್ಲಿ ಒಳ್ಳೆಯದೇ. ಆದರೆ ಎಪ್ಪತ್ತರ ಹತ್ತಿರದ ಅಕ್ಕ ಬೀಗ ತೆಗೆಯುವುದು ಹೇಗೆ? ಸಹಾಯ ಮಾಡುವವನು, ಯಾರಿಗೆ ಮಾಡಿದೆ, ಯಾಕೆ ಮಾಡಿದೆ, ಅವರ ಹೆಸರು ವಿಳಾಸ ಏನು ಎಂಬ ದಾಖಲೆಯನ್ನೆಲ್ಲ ಇಟ್ಟುಕೊಳ್ಳಬೇಕು ಎಂದೂ ಅಲ್ಲೇ ಇದೆ. ಊರಿನ ಕಂಪ್ಯೂಟರ್ ಅಂಗಡಿಯ ಹುಡುಗ ಈ ಉಸಾಬರಿಗೆ ಬರುವುದಿಲ್ಲ.

ಕನ್ನಡ ಓದುಗರಿಗೆ ಇದರಲ್ಲಿ ಇನ್ನೊಂದು ಚಿಂತೆಯಿದೆ. 2016ರ ಕೊನೆಗೆ ಅಮೆಜಾನ್ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆಮೇಲೆ ಕನ್ನಡದ ಇ-ಪುಸ್ತಕ ಬೆಳೆದದ್ದು ಬಹುಪಾಲು ನಮ್ಮವರೇ ಕಟ್ಟಿದ ಸಣ್ಣ ಸಂಸ್ಥೆಗಳ ಆ್ಯಪ್‌ಗಳಲ್ಲಿ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದ್ದರಿಂದಲೇ ಕೇಳುತ್ತೇನೆ: ಮೈಕ್ರೋಸಾಫ್ಟ್‌ನಂಥ ಸಂಸ್ಥೆಯೇ ಅಂಗಡಿ ಮುಚ್ಚಿದ ಮೇಲೆ, ನಾಳೆ ನಿಮ್ಮ ಆ್ಯಪ್ ನಿಂತರೆ ನಾವು ಕೊಂಡ ಪುಸ್ತಕಗಳ ಗತಿಯೇನು? ಮೈಕ್ರೋಸಾಫ್ಟ್ ಹಣ ಮರಳಿಸಿತು. ನೀವು ಮರಳಿಸಬಲ್ಲಿರಾ? ಕೊಂಡವರಿಗೆ ಪುಸ್ತಕದ ಫೈಲನ್ನೇ ಕೊಟ್ಟುಬಿಡಿ. ಬೇಕಾದರೆ ಕೊಂಡವರ ಹೆಸರನ್ನು ಮೊದಲ ಪುಟದಲ್ಲಿ ಹಾಕಿ. ಹಳೆ ಪುಸ್ತಕದ ಮೇಲೆ ನಾವೇ ಹೆಸರು ಬರೆದುಕೊಳ್ಳುತ್ತಿರಲಿಲ್ಲವೇ?

ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಮಾಡಿದ ಒಂದು ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಕೊಡುತ್ತಿರುವುದು ಲೈಸೆನ್ಸ್ ಮಾತ್ರವಾದರೆ ಅದನ್ನು ಗ್ರಾಹಕರಿಗೆ ಕಣ್ಣಿಗೆ ಬೀಳುವಂತೆ ತಿಳಿಸದೆ 'ಖರೀದಿ' ಎಂಬ ಪದ ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಪ್ರತಿ ಕೊಡುವವರಿಗೆ ಈ ನಿರ್ಬಂಧ ಇಲ್ಲ. ಇಂಥದ್ದು ನಮ್ಮಲ್ಲೂ ಬರಬೇಕು. ಅದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು, ಪರದೆಯ ಮೇಲೆ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ನಿಷೇಧಿಸಿ ಮಾರ್ಗಸೂಚಿ ಹೊರಡಿಸಿದೆ. ಲೈಸೆನ್ಸ್ ಕೊಟ್ಟು ಖರೀದಿ ಎನ್ನುವುದನ್ನು ಹದಿನಾಲ್ಕನೆಯದಾಗಿ ಸೇರಿಸಲಿ.

ವಾರಸುದಾರಿಕೆಯದು ಇನ್ನೂ ನೇರ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆ, ಭವಿಷ್ಯನಿಧಿಗೆ ಇದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸತ್ತವರ ದತ್ತಾಂಶದ ಹಕ್ಕು ಚಲಾಯಿಸಲು ಕೂಡ ನಾಮಿನಿ ನೇಮಿಸಬಹುದು ಎನ್ನುತ್ತದೆ. ದುಡ್ಡು ಕೊಟ್ಟು ಕೊಂಡ ಪುಸ್ತಕಕ್ಕೆ ಮಾತ್ರ ನಾಮಿನಿ ಬೇಡವೆಂದರೆ ಒಪ್ಪುವುದು ಹೇಗೆ?

ಅಕ್ಕನ ದೂರನ್ನು ಕಳೆದ ತಿಂಗಳು ಬರೆದು ಕೊಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಕೊಂಡ ಪುಸ್ತಕ, ಹಾಡು, ಸಿನಿಮಾ ಹೀಗೆ ಕೈತಪ್ಪಿದ್ದರೆ, ಸಣ್ಣ ಮೊತ್ತ ಎಂದು ಬಿಡಬೇಡಿ. ಬಿಲ್ಲು, ಇಮೇಲ್, ಪರದೆಯ ಚಿತ್ರ ಹುಡುಕಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.